ಮುಖದ ಬಂಗು ಹೋಗಲು ಲೇಸರ್ ಮಾಡಿಸಬಹುದೇ? ಹತ್ತು ಸಿಟಿಂಗ್ ಬೇಕೆಂದಿದ್ದಾರೆ

ಕನ್ನಡಿ:
ಎಲ್ಲರಿಗೂ ನಮಸ್ಕಾರ. ಎರಡನೆಯ ಬಸಿರಿನ ಆರನೆಯ ತಿಂಗಳಲ್ಲಿ ನನ್ನ ಎರಡೂ ಕೆನ್ನೆಗಳ ಮೇಲೆ ಹಾಗೂ ಮೇಲ್ದುಟಿಯ ಮೇಲೆ ಕಂದು ಬಣ್ಣದ ಬಂಗು ಕಾಣಿಸಿಕೊಂಡಿತು. ಹೆರಿಗೆಯಾದ ಮೇಲೆ ತಾನಾಗಿಯೇ ಮಾಸುತ್ತದೆ ಎಂದು ಎಲ್ಲರೂ ಹೇಳಿದರು. ಸ್ವಲ್ಪ ಮಾಸಿತು ಕೂಡ, ಆದರೆ ಪೂರ್ತಿ ಹೋಗಲಿಲ್ಲ. ಈಗ ನಾಲ್ಕು ವರ್ಷಗಳಾಗಿವೆ. ಕಳೆದ ವಾರ ಒಂದು ಸೌಂದರ್ಯ ಚಿಕಿತ್ಸಾ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿದ್ದವರು ನನ್ನ ಮುಖವನ್ನು ಅರೆನಿಮಿಷವೂ ನೋಡದೆ, 'ಲೇಸರ್ ಟೋನಿಂಗ್' ಎಂಬುದನ್ನು ವಾರಕ್ಕೊಂದರಂತೆ ಹತ್ತು ಸಿಟಿಂಗ್ ಮಾಡಿಸಿದರೆ ಕಲೆ ಬುಡಸಮೇತ ಹೋಗುತ್ತದೆ ಎಂದರು. ಅಂದೇ ಮುಂಗಡ ಕಟ್ಟಿದರೆ ರಿಯಾಯಿತಿಯೂ ಉಂಟೆಂದರು. ನನ್ನದು ಎಣ್ಣೆಗಪ್ಪು ಮೈಬಣ್ಣ. ಈ ಬಣ್ಣದ ಚರ್ಮಕ್ಕೆ ಲೇಸರ್ ಸುರಕ್ಷಿತವೇ ಎಂದು ಕೇಳಿದ್ದಕ್ಕೆ 'ಯಂತ್ರ ಹೊಸದು, ಯೋಚನೆ ಬೇಡ' ಎಂಬುದಷ್ಟೇ ಉತ್ತರವಾಗಿತ್ತು. ಹಣ ಕಟ್ಟದೆ ಎದ್ದು ಬಂದಿದ್ದೇನೆ. ಮಾಡಿಸಿಕೊಂಡವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.

ಇನ್ನೊಂದು ಮಾತು: ಕೆನ್ನೆಯ ಮೂಳೆಯ ಮೇಲ್ಭಾಗದಲ್ಲಿ, ಬಂಗಿನ ಅಂಚಿಗೆ ತಾಗಿದಂತೆ, ಬೂದಿ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳಿವೆ. ಅವು ಬಂಗಿಗಿಂತ ಮೊದಲೇ ಇದ್ದವೆಂದು ನೆನಪು. ಅವೂ ಅದರ ಭಾಗವೇ ಇರಬೇಕು.

ನೀಲಿಕೆನ್ನೆ:
ನನ್ನ ಅನುಭವ ಒಳ್ಳೆಯದೇ ಆಗಿರುವುದರಿಂದ ಮೊದಲಿಗೆ ನಾನೇ ಬರೆಯುತ್ತೇನೆ. ನನ್ನ ಎಡಗಣ್ಣಿನ ಸುತ್ತ, ಹಣೆಯ ಪಕ್ಕದಿಂದ ಕೆನ್ನೆಯವರೆಗೆ, ಹುಟ್ಟಿದಾಗಿನಿಂದಲೂ ನೀಲಿಗಪ್ಪು ಮಚ್ಚೆಯಿತ್ತು. ಶಾಲೆಯಲ್ಲಿ ಯಾರು ಹೊಡೆದರೆಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಚರ್ಮರೋಗ ತಜ್ಞರೊಬ್ಬರು ಇದನ್ನು ಓಟಾ ಮಚ್ಚೆ ಎಂದು ಗುರುತಿಸಿ, ಮೊದಲು ಕಣ್ಣಿನ ವೈದ್ಯರ ಬಳಿಗೆ ಕಳುಹಿಸಿದರು. ಕಣ್ಣಿನ ಬಿಳಿಭಾಗದಲ್ಲಿಯೂ ಬಣ್ಣವಿದ್ದವರಿಗೆ ಗ್ಲಾಕೋಮಾ ಎಂಬ, ದೃಷ್ಟಿನರಕ್ಕೆ ಹಾನಿಮಾಡುವ ಕಣ್ಣಿನ ರೋಗ ಬರುವ ಸಂಭವ ಹೆಚ್ಚು ಎಂಬುದು ಅದಕ್ಕೆ ಕಾರಣ. ಆಮೇಲೆ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಲೇಸರ್‌ನಿಂದ ಎರಡು ವರ್ಷಗಳಲ್ಲಿ ಎಂಟು ಸಿಟಿಂಗ್ ಮಾಡಿದರು. ಪ್ರತಿ ಸಿಟಿಂಗ್ ನಡುವೆ ಮೂರು ತಿಂಗಳ ಅಂತರವಿತ್ತು. ಈಗ ಹೊಸಬರು ಯಾರೂ ನನ್ನ ಮುಖವನ್ನು ಎರಡನೆಯ ಬಾರಿ ನೋಡುವುದಿಲ್ಲ. ಮಚ್ಚೆ ಮರಳಿಯೂ ಇಲ್ಲ. ಆದ್ದರಿಂದ ಕನ್ನಡಿಯವರೇ, ಅಂಜಿಕೆಯಿಲ್ಲದೆ ಮಾಡಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಬಿಳಿಚುಕ್ಕಿ:
ನೀಲಿಕೆನ್ನೆಯವರಿಗೆ ಒಳ್ಳೆಯದಾಗಿದ್ದು ಸಂತೋಷ. ಆದರೆ ನಾನು ಅದೇ ಹೆಸರಿನ ಯಂತ್ರದ ಕೆಳಗೆ ಹದಿನಾಲ್ಕು ಬಾರಿ ಮಲಗಿ ಎದ್ದವಳು. ನನ್ನದೂ ಬಂಗು. ನಾಲ್ಕನೆಯ ಸಿಟಿಂಗ್ ಹೊತ್ತಿಗೆ ಮುಖ ಎಷ್ಟು ತಿಳಿಯಾಯಿತೆಂದರೆ ಪರಿಚಯದವರಿಗೆಲ್ಲ ಆ ಕೇಂದ್ರದ ವಿಳಾಸ ಕೊಟ್ಟೆ. ಹತ್ತು ಮುಗಿದ ಮೇಲೆ, ಫಲಿತಾಂಶ ಉಳಿಯಬೇಕಾದರೆ ಇನ್ನೂ ಕೆಲವು ಬೇಕೆಂದರು. ಹನ್ನೆರಡನೆಯದರ ಸುಮಾರಿಗೆ ಕೆನ್ನೆಯ ಮೇಲೆ ಮಳೆಹನಿ ಬಿದ್ದಂತೆ ಬಿಳಿಯ ಚುಕ್ಕಿಗಳು ಕಾಣತೊಡಗಿದವು. ತೋರಿಸಿದರೆ, ಚರ್ಮ ಒಣಗಿದೆ ಎಂದು ಹೇಳಿ ಮುಂದುವರಿಸಿದರು. ನಿಲ್ಲಿಸಿದ ಮೂರೇ ತಿಂಗಳಲ್ಲಿ ಬಂಗು ಮರಳಿತು, ಬಿಳಿಯ ಚುಕ್ಕಿಗಳು ಮಾತ್ರ ಹೋಗಲಿಲ್ಲ. ಈಗ ಒಂದೇ ಕೆನ್ನೆಯಲ್ಲಿ ಕಪ್ಪೂ ಇದೆ, ಬಿಳುಪೂ ಇದೆ. ಲೇಸರ್ ಎಂಬುದೇ ದೊಡ್ಡ ಮೋಸ ಎಂದು ನನಗನ್ನಿಸಿದರೆ ಅದು ತಪ್ಪೇ?

ಚರ್ಮವೈದ್ಯೆ:
ಬಿಳಿಚುಕ್ಕಿಯವರ ಸಿಟ್ಟು ತಪ್ಪಲ್ಲ, ನೀಲಿಕೆನ್ನೆಯವರ ಸಂತೋಷವೂ ತಪ್ಪಲ್ಲ. ಇಬ್ಬರೂ ಒಂದೇ ಯಂತ್ರದ ಹೆಸರು ಹೇಳುತ್ತಿದ್ದೀರಿ, ಆದರೆ ಇಬ್ಬರ ಕಲೆಗಳು ಸಂಬಂಧವೇ ಇಲ್ಲದ ಎರಡು ಬೇರೆ ಸಂಗತಿಗಳು. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಬೇಕು.

ಮೊದಲ ಲೇಸರ್ ಅನ್ನು 1960ರಲ್ಲಿ ಥಿಯೋಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಉಂಟುಮಾಡಿದರು. ಅದನ್ನು ಚರ್ಮದ ಮೇಲೆ ಬಳಸುವ ಪ್ರಯತ್ನ ಬೇಗನೆ ಶುರುವಾಯಿತಾದರೂ, ಸುತ್ತಲಿನ ಚರ್ಮವನ್ನು ಸುಡದೆ ಬೇಕಾದ ಕಣವನ್ನಷ್ಟೇ ಒಡೆಯುವುದು ಹೇಗೆಂಬ ಲೆಕ್ಕವನ್ನು ಸ್ಪಷ್ಟವಾಗಿ ಬರೆದುಕೊಟ್ಟವರು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್, 1983ರಲ್ಲಿ. ಅವರ ಮಾತಿನ ಸಾರ ಇಷ್ಟು: ಗುರಿಯಾದ ವಸ್ತು ಹೀರಿಕೊಳ್ಳುವಂತಹ ಬಣ್ಣದ ಬೆಳಕನ್ನು ಆರಿಸಿಕೊಳ್ಳಬೇಕು, ಮತ್ತು ಆ ವಸ್ತು ತನ್ನ ಬಿಸಿಯನ್ನು ನೆರೆಹೊರೆಗೆ ದಾಟಿಸುವುದರೊಳಗೆ ಬೆಳಕನ್ನು ನಿಲ್ಲಿಸಿಬಿಡಬೇಕು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತುಂಬಿದ ಕಣಗಳು ಎಷ್ಟು ಚಿಕ್ಕವೆಂದರೆ, ಅವು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ ಅವಧಿಯಲ್ಲಿಯೇ ತಣಿದುಬಿಡುತ್ತವೆ. ಅದಕ್ಕೇ ಕ್ಯೂ-ಸ್ವಿಚ್ಡ್ ಯಂತ್ರಗಳು ಕೆಲವೇ ನ್ಯಾನೊಸೆಕೆಂಡುಗಳಷ್ಟು (ಸೆಕೆಂಡಿನ ನೂರು ಕೋಟಿಯ ಕೆಲವೇ ಪಾಲುಗಳಷ್ಟು) ಹೊತ್ತು ಮಿಂಚಿ ಆರುತ್ತವೆ. ಒಡೆದ ಪುಡಿಯನ್ನು ದೇಹದ ಕಸಗುಡಿಸುವ ಜೀವಕೋಶಗಳು ನಿಧಾನವಾಗಿ ಹೊತ್ತೊಯ್ಯುತ್ತವೆ. ಅದಕ್ಕೆ ತಿಂಗಳುಗಳು ಬೇಕು. ನೀಲಿಕೆನ್ನೆಯವರ ವೈದ್ಯರು ಮೂರು ತಿಂಗಳು ಕಾಯಿಸಿದ್ದು ಇದೇ ಕಾರಣಕ್ಕೆ.

ಓಟಾ ಮಚ್ಚೆಯಲ್ಲಿ (ಮಸಾವೊ ಓಟಾ ಅದನ್ನು ವಿವರಿಸಿದ್ದು 1939ರಲ್ಲಿ) ಬಣ್ಣದ ಜೀವಕೋಶಗಳು ತಾವಿರಬೇಕಾದ ಹೊರಚರ್ಮದಲ್ಲಿರದೆ ಒಳಚರ್ಮದ ಆಳದಲ್ಲಿ ಉಳಿದುಬಿಟ್ಟಿರುತ್ತವೆ. ಆಳದಲ್ಲಿರುವ ಕಂದು ಬಣ್ಣವೇ ಮೇಲಿನಿಂದ ನೋಡುವವರಿಗೆ ನೀಲಿಯಾಗಿ ಕಾಣುತ್ತದೆ. ಅವುಗಳನ್ನು ಹುಡುಕಿ ನಾಶಮಾಡಿದರೆ ಕೆಲಸ ಬಹುಮಟ್ಟಿಗೆ ಮುಗಿಯಿತು, ಹೊಸದಾಗಿ ಹುಟ್ಟಿಬರುವುದು ಅಪರೂಪ. ಬಂಗು ಹಾಗಲ್ಲ. ಅಲ್ಲಿ ಜೀವಕೋಶಗಳು ಸರಿಯಾದ ಜಾಗದಲ್ಲಿಯೇ ಇವೆ. ಆದರೆ ಬಿಸಿಲು, ಹಾರ್ಮೋನು, ವಂಶದ ಒಲವು, ಚರ್ಮದ ಕೆಳಗಿನ ಸೂಕ್ಷ್ಮ ರಕ್ತನಾಳಗಳು ಇವೆಲ್ಲ ಸೇರಿ ಅವುಗಳನ್ನು ಕೆರಳಿಸಿವೆ. ಅವು ಎಡೆಬಿಡದೆ ಬಣ್ಣ ತಯಾರಿಸುತ್ತಲೇ ಇರುತ್ತವೆ. ಇದ್ದ ಬಣ್ಣವನ್ನು ಲೇಸರ್ ಒಡೆಯಬಹುದು, ಕೆರಳಿದ ಜೀವಕೋಶಕ್ಕೆ ಸಮಾಧಾನ ಹೇಳಲಾರದು. ಬದಲಿಗೆ, ಲೇಸರಿನ ಬಿಸಿಯೇ ಅದನ್ನು ಇನ್ನಷ್ಟು ಕೆರಳಿಸಬಹುದು. ಕಪ್ಪು ಮೈಬಣ್ಣದವರಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಎಲ್ಲಿ ಉರಿಯೂತವಾಯಿತೋ ಅಲ್ಲಿ ಕಪ್ಪು ಉಳಿಯುವುದು ಈ ಚರ್ಮದ ಸ್ವಭಾವ. ಮೊಡವೆ ಒಣಗಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿರುವುದನ್ನು ನೀವೆಲ್ಲರೂ ಕಂಡಿದ್ದೀರಿ.

ಆದ್ದರಿಂದ ಕನ್ನಡಿಯವರಿಗೆ ನನ್ನ ಪ್ರಶ್ನೆ: ನಿಮ್ಮ ಕಲೆಗೆ ಒಂದು ಹೆಸರಿಟ್ಟವರು ಯಾರು? ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದಲ್ಲಿ, ಇಲ್ಲವೇ ಡರ್ಮೋಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಉಪಕರಣದಲ್ಲಿ ಯಾರಾದರೂ ನೋಡಿದ್ದಾರೆಯೇ? ನೀವು ಕೊನೆಯಲ್ಲಿ ಬರೆದ ಬೂದಿ ಬಣ್ಣದ ಚುಕ್ಕೆಗಳ ಮಾತು ನನಗೆ ಬಂಗಿಗಿಂತ ಮುಖ್ಯವಾಗಿ ಕಾಣುತ್ತಿದೆ.

ಬಿಳಿಚುಕ್ಕಿ:
ವೈದ್ಯರೇ, ವಿವರಣೆಗೆ ಧನ್ಯವಾದಗಳು. ಬಂಗಿನ ಕಲೆ ಮರಳುತ್ತದೆಯೆಂದು ತಿಳಿದಿದ್ದೂ ಟೋನಿಂಗ್ ಅನ್ನು ಏಕೆ ಮಾಡುತ್ತಾರೆ? ನೀವೂ ಮಾಡುತ್ತೀರಾ?

ಚರ್ಮವೈದ್ಯೆ:
ಮಾಡುತ್ತೇನೆ, ಕೆಲವರಿಗೆ ಮಾತ್ರ. ಟೋನಿಂಗ್ ಎಂದರೆ 1064 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಅಗಲವಾದ ವೃತ್ತದಲ್ಲಿ, ಕಡಿಮೆ ಶಕ್ತಿಯಲ್ಲಿ, ಮುಖದ ಮೇಲೆಲ್ಲ ಹಲವು ಬಾರಿ ಹಾಯಿಸುವುದು. ಜೀವಕೋಶವನ್ನು ಕೊಲ್ಲದೆ ಅದರೊಳಗಿನ ಬಣ್ಣದ ಕಣಗಳನ್ನಷ್ಟೇ ಕಡಿಮೆ ಮಾಡುವುದು ಅದರ ಉದ್ದೇಶ. ಲೇಪನ ಮತ್ತು ಬಿಸಿಲಿನ ರಕ್ಷಣೆಯಿಂದ ಹಲವು ತಿಂಗಳಾದರೂ ಕದಲದ ಬಂಗಿನಲ್ಲಿ, ಅವನ್ನು ನಿಲ್ಲಿಸದೆಯೇ ಜೊತೆಗೆ ಕೆಲವೇ ಸಿಟಿಂಗ್ ಮಾಡಿದಾಗ ಒಬ್ಬೊಬ್ಬರಿಗೆ ಅನುಕೂಲವಾಗುತ್ತದೆ. ತೊಂದರೆಯಾಗುವುದು ಎಣಿಕೆ ಏರುತ್ತ ಹೋದಾಗ. ಪ್ರತಿ ಬಾರಿಯ ಸಣ್ಣ ಪೆಟ್ಟು ಒಟ್ಟುಗೂಡಿ ಅಲ್ಲಲ್ಲಿ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ. ನಿಮ್ಮ ಕೆನ್ನೆಯ ಮಳೆಹನಿಯಂತಹ ಬಿಳಿಚುಕ್ಕಿಗಳು ಅವೇ. ಮೊದಲ ಚುಕ್ಕಿ ಕಂಡ ದಿನವೇ ನಿಲ್ಲಿಸಬೇಕಾಗಿತ್ತು. ಅದನ್ನು ಒಣಚರ್ಮವೆಂದು ತಳ್ಳಿಹಾಕಿದ್ದಕ್ಕೆ ಸಮರ್ಥನೆಯಿಲ್ಲ. ಕೆಲವರಲ್ಲಿ ಅವು ತಿಂಗಳುಗಳಲ್ಲಿ ತುಂಬಿಕೊಳ್ಳುತ್ತವೆ, ಕೆಲವರಲ್ಲಿ ಹಾಗೆಯೇ ಉಳಿಯುತ್ತವೆ. ಅದು ತೊನ್ನಿನ ಆರಂಭವಲ್ಲವೇ ಎಂಬುದನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ತೊನ್ನಿನ ಒಲವಿರುವವರಲ್ಲಿ ಚರ್ಮಕ್ಕೆ ಪೆಟ್ಟಾದ ಜಾಗದಲ್ಲಿ ಹೊಸ ಬಿಳಿ ಕಲೆ ಮೂಡುವುದುಂಟು.

ಗುರುತುಗಾರ:
ನಾನು ಒಂಬತ್ತು ವರ್ಷಗಳಿಂದ ಚಿಕಿತ್ಸಾಲಯಗಳಲ್ಲಿ ಲೇಸರ್ ಯಂತ್ರಗಳನ್ನು ನಡೆಸುವವರ ಜೊತೆ ತಾಂತ್ರಿಕ ಸಹಾಯಕನಾಗಿರುವವನು. ರೋಗನಿರ್ಣಯದ ವಿಷಯವನ್ನು ವೈದ್ಯರಿಗೇ ಬಿಟ್ಟು, ಕೋಣೆಯೊಳಗೆ ಹೋದ ಮೇಲೆ ನೀವು ಏನನ್ನು ಗಮನಿಸಬೇಕೆಂಬುದನ್ನು ಮಾತ್ರ ಹೇಳುತ್ತೇನೆ.

ಯಂತ್ರದ ಹೆಸರಿಗಿಂತ ತರಂಗಾಂತರವನ್ನು ಕೇಳಿ. ಒಂದೇ ಎನ್‌ಡಿ-ಯಾಗ್ ಯಂತ್ರ 532 ಮತ್ತು 1064 ಎಂಬ ಎರಡು ಬೆಳಕುಗಳನ್ನು ಕೊಡುತ್ತದೆ. 532 ಹಸಿರು ಬೆಳಕು, ಮೇಲ್ಪದರದ ಮೆಲನಿನ್ ಅದನ್ನು ಗಟ್ಟಿಯಾಗಿ ಹೀರಿಕೊಳ್ಳುತ್ತದೆ. ಬಿಸಿಲಿಗೆ ಬಂದ ಬಿಡಿ ಕಂದು ಕಲೆಗಳಿಗೆ ಅದು ಚೆನ್ನಾಗಿ ಕೆಲಸಮಾಡುತ್ತದೆಯಾದರೂ ಕಪ್ಪು ಚರ್ಮದಲ್ಲಿ ಬೊಬ್ಬೆಯೆಬ್ಬಿಸುವುದೂ ಅದೇ. 1064 ಕಣ್ಣಿಗೆ ಕಾಣದ ಬೆಳಕು. ಅದನ್ನು ಮೇಲ್ಪದರ ಕಡಿಮೆ ಹೀರಿಕೊಳ್ಳುವುದರಿಂದ ಅದು ಆಳಕ್ಕೆ ಇಳಿಯುತ್ತದೆ, ಎಣ್ಣೆಗಪ್ಪು ಬಣ್ಣದವರಿಗೆ ಹೋಲಿಕೆಯಲ್ಲಿ ಸುರಕ್ಷಿತ. ಆದರೆ ಕಾಣದ ಬೆಳಕಾದ್ದರಿಂದಲೇ ಕಣ್ಣಿಗೆ ಹೆಚ್ಚು ಅಪಾಯಕಾರಿ: ರೆಪ್ಪೆ ಮುಚ್ಚಿಕೊಳ್ಳುವ ಸಹಜ ಎಚ್ಚರಿಕೆಯೇ ಆಗುವುದಿಲ್ಲ, ಅಕ್ಷಿಪಟಲಕ್ಕೆ ಆದ ಗಾಯ ವಾಸಿಯಾಗುವುದಿಲ್ಲ. ನಿಮ್ಮ ಕಣ್ಣಿನ ಮೇಲೆ ಬೆಳಕು ತೂರದ ಮುಚ್ಚಳ ಇರಲೇಬೇಕು, ಕೋಣೆಯಲ್ಲಿರುವ ಪ್ರತಿಯೊಬ್ಬರೂ ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಧರಿಸಿರಬೇಕು. ಬರೀ ಹತ್ತಿಯಿಟ್ಟು ಕಣ್ಣು ಮುಚ್ಚಿಕೊಳ್ಳಿ ಎಂದರೆ ಎದ್ದು ಹೊರಡಿ.

ಹುಬ್ಬಿಗೆ ಅಥವಾ ತುಟಿಗೆ ಶಾಶ್ವತ ಬಣ್ಣ ಹಚ್ಚಿಸಿಕೊಂಡಿದ್ದರೆ ಮೊದಲೇ ಹೇಳಿ. ಅಂತಹ ಬಣ್ಣಗಳಲ್ಲಿ ಕಬ್ಬಿಣದ ಅಥವಾ ಟೈಟೇನಿಯಮ್‌ನ ಆಕ್ಸೈಡ್ ಇರುತ್ತದೆ. ಲೇಸರ್ ತಾಗಿದ ಕ್ಷಣದಲ್ಲಿಯೇ ತಿಳಿಗೆಂಪಾಗಿದ್ದದ್ದು ಕರ್ರಗಾಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಾಗೆಯೇ ಹಿಂದೆ ಕೀಲುನೋವಿಗೆಂದು ಚಿನ್ನದ ಲವಣದ ಚುಚ್ಚುಮದ್ದು ತೆಗೆದುಕೊಂಡಿದ್ದವರಿಗೂ ಚರ್ಮ ಬೂದುನೀಲಿಯಾಗಬಹುದು. ತುಟಿಯ ಮೇಲೆ ಪದೇಪದೇ ಸರ್ಪಸುತ್ತಿನಂತಹ ಗುಳ್ಳೆ ಏಳುವವರೂ ಹೇಳಬೇಕು. ಇನ್ನು ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಎಂಬುದು ಲೇಸರ್ ಅಲ್ಲವೇ ಅಲ್ಲ, ಹಲವು ತರಂಗಾಂತರಗಳು ಬೆರೆತ ಬೆಳಕಿನ ಮಿಂಚು. ಗಾಢ ಬಣ್ಣದ ಮುಖದ ಮೇಲೆ ಅದನ್ನು ಆಡಿಸುವವರನ್ನು ಕಂಡರೆ ನನಗಂತೂ ಎದೆ ಝಲ್ಲೆನ್ನುತ್ತದೆ.

ಹೊಸಬ:
ಈಗ ಬಂದಿರುವ ಪಿಕೊ ಲೇಸರ್‌ನಲ್ಲಿ ಈ ತೊಂದರೆಗಳೊಂದೂ ಇಲ್ಲವೆಂದು ಜಾಹೀರಾತಿನಲ್ಲಿ ಹೇಳುತ್ತಾರಲ್ಲ?

ಗುರುತುಗಾರ:
ಪಿಕೊ ಎಂದರೆ ಮಿಂಚಿನ ಅವಧಿ ಇನ್ನೂ ಕಿರಿದು, ಅಷ್ಟೇ. ಬಿಸಿಗಿಂತ ಹೆಚ್ಚಾಗಿ ಅದುರುವಿಕೆಯಿಂದ ಕಣ ಪುಡಿಯಾಗುತ್ತದೆ, ಹಚ್ಚೆ ತೆಗೆಯುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಬಂಗು ಮರಳುವುದನ್ನು ಅದೂ ತಡೆಯುವುದಿಲ್ಲ.

ಬೂದುಹಣೆ:
ನನ್ನ ಅನುಭವವೂ ಯಾರಿಗಾದರೂ ಉಪಯೋಗವಾಗಬಹುದು. ನನಗೆ ಹಣೆ, ಕಪೋಲ ಮತ್ತು ಕತ್ತಿನ ಪಕ್ಕದಲ್ಲಿ ಬೂದುಗಪ್ಪು ಹರಡಿತ್ತು. ಬಂಗೆಂದು ತಿಳಿದು ಎರಡು ಸಿಟಿಂಗ್ ಲೇಸರ್ ಆಯಿತು, ಇನ್ನಷ್ಟು ಕಪ್ಪಾಯಿತು. ಕೊನೆಗೆ ಬೇರೊಬ್ಬ ವೈದ್ಯರು ಚರ್ಮದ ಚೂರು ತೆಗೆದು ಪರೀಕ್ಷಿಸಿದಾಗ ಅದು ಲೈಕೆನ್ ಪ್ಲಾನಸ್ ಪಿಗ್ಮೆಂಟೋಸಸ್ ಎಂಬ, ಉರಿಯೂತದಿಂದ ಕಪ್ಪಾಗುವ ಚರ್ಮರೋಗ ಎಂದಾಯಿತು. ಒಳಗೆ ಉರಿಯೂತ ನಡೆಯುತ್ತಿರುವಾಗಲೇ ಮೇಲಿನಿಂದ ಲೇಸರ್ ಬಿಟ್ಟರೆ ಉರಿಯುವ ಬೆಂಕಿಗೆ ಗಾಳಿ ಹಾಕಿದಂತೆ ಎಂದರು. ಕೂದಲಿಗೆ ಹಚ್ಚುತ್ತಿದ್ದ ಕಪ್ಪು ಬಣ್ಣವನ್ನು ನಿಲ್ಲಿಸಲು ಹೇಳಿದರು, ಒಂದು ವರ್ಷ ಔಷಧ ನಡೆಯಿತು. ಹೊಸ ಕಲೆ ಬರುವುದು ನಿಂತಿದೆ. ಹಳೆಯದು ನಿಧಾನವಾಗಿ ಮಾಸುತ್ತಿದೆ.

ಕನ್ನಡಿ:
ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಋಣಿ. ಒಂದು ವಿಷಯವನ್ನು ಸಂಕೋಚದಿಂದ ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಗೆಳತಿಯೊಬ್ಬಳು ಕೊಟ್ಟ ಮುಖದ ಕ್ರೀಮನ್ನು ವೈದ್ಯರನ್ನು ಕೇಳದೆಯೇ ಏಳು ತಿಂಗಳು ಹಚ್ಚಿದ್ದೇನೆ. ಮೊದಲ ತಿಂಗಳು ಮುಖ ಹೊಳೆಯುತ್ತಿತ್ತು. ಈಗ ಒಂದು ದಿನ ಬಿಟ್ಟರೂ ಮುಖ ಕೆಂಪಾಗಿ ಉರಿಯುತ್ತದೆ, ಕೆನ್ನೆಯಲ್ಲಿ ಸಣ್ಣ ಕೆಂಪು ಗೆರೆಗಳು ಕಾಣುತ್ತಿವೆ. ಟ್ಯೂಬಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್ ಎಂದು ಬರೆದಿದೆ.

ಚರ್ಮವೈದ್ಯೆ:
ಹೇಳಿದ್ದು ಒಳ್ಳೆಯದಾಯಿತು, ಸಂಕೋಚಕ್ಕೆ ಕಾರಣವಿಲ್ಲ. ನನ್ನ ಬಳಿ ಬರುವ ಎಷ್ಟೋ ಜನ ಇದೇ ಟ್ಯೂಬನ್ನು ಚೀಲದಲ್ಲಿಟ್ಟುಕೊಂಡು ಬರುತ್ತಾರೆ. ಮೂರು ಔಷಧಗಳನ್ನು ಬೆರೆಸುವ ಈ ಉಪಾಯ 1975ರಲ್ಲಿ ಕ್ಲಿಗ್ಮನ್ ಎಂಬ ಚರ್ಮವೈದ್ಯರಿಂದ ಬಂದದ್ದು. ವೈದ್ಯರ ಕಣ್ಣೆದುರು ಕೆಲವು ವಾರಗಳ ಮಟ್ಟಿಗೆ ಬಳಸಿದರೆ ಇಂದಿಗೂ ಅದು ಬಂಗಿನ ಒಳ್ಳೆಯ ಚಿಕಿತ್ಸೆಯೇ. ಆದರೆ ನಿಮ್ಮ ಟ್ಯೂಬಿನ ಮೂರನೆಯ ಹೆಸರು ಬಲವಾದ ಸ್ಟಿರಾಯ್ಡ್‌ನದು. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ಬಿಟ್ಟರೆ ಉರಿಯುತ್ತದೆ. ಹೈಡ್ರೋಕ್ವಿನೋನ್ ಅನ್ನೂ ವರ್ಷಗಟ್ಟಲೆ ಬಳಸಿದವರಲ್ಲಿ ಓಕ್ರೊನೋಸಿಸ್ ಎಂಬ ನೀಲಿಗಪ್ಪು ಕಲೆ ಉಂಟಾಗಬಹುದು, ಅದನ್ನು ತೆಗೆಯುವುದು ಬಂಗಿಗಿಂತ ಕಷ್ಟ. ಇಂತಹ ಚರ್ಮದ ಮೇಲೆ ಈಗ ಯಾವ ಲೇಸರೂ ಬೇಡ. ಟ್ಯೂಬನ್ನು ತಟ್ಟನೆ ಎಸೆಯಲೂ ಬೇಡಿ. ಹೇಗೆ ಇಳಿಸಬೇಕೆಂಬುದನ್ನು ಎದುರಿಗೆ ನೋಡಿದ ವೈದ್ಯರೇ ಹೇಳಬೇಕು.

ಅಲ್ಲಿಯವರೆಗೆ ಬಿಸಿಲಿನ ಬಗ್ಗೆ ಒಂದು ಮಾತು. ಬಂಗನ್ನು ಕೆರಳಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿನ ನೀಲಿ ಭಾಗವೂ ಕೆರಳಿಸುತ್ತದೆ, ಕಪ್ಪು ಚರ್ಮದಲ್ಲಿ ಅದು ಇನ್ನೂ ಹೆಚ್ಚು. ಮಾಮೂಲಿ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬೇಕು. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿರಬಾರದು. ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಮುಖ ಮತ್ತು ಕತ್ತಿಗೆ ಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಡಲೆಕಾಳಿನಷ್ಟು ಹಚ್ಚಿ ಉಪಯೋಗವಾಗಲಿಲ್ಲ ಎನ್ನುವವರೇ ಹೆಚ್ಚು.

ಮಗಳು:
ಬಂಗಿನ ಚರ್ಚೆಯ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎಪ್ಪತ್ತು ದಾಟಿದ ನನ್ನ ತಂದೆಯವರ ಕೆನ್ನೆಯಲ್ಲಿ ಒಂದೇ ಒಂದು ಕಂದು ಕಲೆಯಿದೆ, ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದೆ, ಬಣ್ಣವೂ ಒಂದೇ ಸಮನಿಲ್ಲ. ಲೇಸರ್‌ನಲ್ಲಿ ಒಂದೇ ಸಲಕ್ಕೆ ಹೋಗುತ್ತದೆಯೆಂದು ಒಬ್ಬರು ಹೇಳಿದ್ದಾರೆ.

ಚರ್ಮವೈದ್ಯೆ:
ದಯವಿಟ್ಟು ಲೇಸರ್ ಮಾಡಿಸಬೇಡಿ, ಮೊದಲು ಬಯಾಪ್ಸಿ (ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ) ಆಗಲಿ. ವಯಸ್ಸಾದವರ ಮುಖದಲ್ಲಿ ಬೆಳೆಯುತ್ತಿರುವ, ಬಣ್ಣ ಸಮನಾಗಿಲ್ಲದ ಒಂಟಿ ಕಲೆ ಮೆಲನೋಮಾ ಎಂಬ ಕ್ಯಾನ್ಸರಿನ ಮೊದಲ ಹಂತವಾಗಿರಬಹುದು. ಲೇಸರ್ ಮೇಲಿನ ಬಣ್ಣವನ್ನು ಅಳಿಸಿ ಅದರ ಗುರುತನ್ನೇ ಮರೆಮಾಡುತ್ತದೆ, ಒಳಗೆ ಅದು ಬೆಳೆಯುತ್ತಲೇ ಇರುತ್ತದೆ. ಏನೂ ಅಲ್ಲದಿದ್ದರೆ ಲೇಸರ್ ಆಮೇಲೆಯೂ ಇದ್ದೇ ಇರುತ್ತದೆ. ಈ ವಾರವೇ ತೋರಿಸಿ.

ಮಗಳು:
ನಾಡಿದ್ದು ಕರೆದುಕೊಂಡು ಹೋಗುತ್ತಿದ್ದೇನೆ. ಧನ್ಯವಾದಗಳು.

ಕನ್ನಡಿ:
ಹನ್ನೊಂದು ವಾರಗಳ ಮೇಲೆ ಬರೆಯುತ್ತಿದ್ದೇನೆ. ಚರ್ಮರೋಗ ತಜ್ಞರೊಬ್ಬರಿಗೆ ತೋರಿಸಿದೆ. ನನ್ನ ಮುಖವನ್ನು ಡರ್ಮೋಸ್ಕೋಪ್‌ನಲ್ಲಿ ಇಪ್ಪತ್ತು ನಿಮಿಷ ನೋಡಿದರು. ಕೆನ್ನೆ ಮತ್ತು ತುಟಿಯ ಮೇಲಿನದು ಬಂಗೇ. ಆದರೆ ಕೆನ್ನೆಯ ಮೂಳೆಯ ಮೇಲಿನ ಬೂದಿ ಚುಕ್ಕೆಗಳು ಬಂಗಿನ ಭಾಗವಲ್ಲ, ಹೋರಿ ಮಚ್ಚೆಯಂತೆ. 1984ರಲ್ಲಿ ಹೋರಿ ಎಂಬ ವೈದ್ಯರು ವಿವರಿಸಿದ, ಓಟಾ ಮಚ್ಚೆಯನ್ನೇ ಹೋಲುವ, ಆದರೆ ದೊಡ್ಡವರಾದ ಮೇಲೆ ಎರಡೂ ಕೆನ್ನೆಗಳಲ್ಲಿ ಮೂಡುವ ಕಲೆ ಇದು ಎಂದು ತಿಳಿಸಿದರು. ಅಂದರೆ ನೀಲಿಕೆನ್ನೆಯವರ ಮಾತು ಆ ಚುಕ್ಕೆಗಳ ಮಟ್ಟಿಗೆ ನನಗೂ ಅನ್ವಯಿಸುತ್ತದೆ, ಬಿಳಿಚುಕ್ಕಿಯವರ ಮಾತು ಉಳಿದ ಮುಖಕ್ಕೆಲ್ಲ ಅನ್ವಯಿಸುತ್ತದೆ.

ಆ ಕ್ರೀಮನ್ನು ಹಂತಹಂತವಾಗಿ ನಿಲ್ಲಿಸಿದ್ದಾಯಿತು. ಮೊದಲ ಮೂರು ವಾರ ಮುಖ ಕೆಂಡದಂತೆ ಉರಿಯಿತು, ಕನ್ನಡಿ ನೋಡುವುದನ್ನೇ ಬಿಟ್ಟಿದ್ದೆ (ಇಲ್ಲಿ ನನ್ನ ಹೆಸರು ಕನ್ನಡಿಯೆಂದು ನೆನೆದು ನಗುವೂ ಬಂದಿತು). ಈಗ ಅಜೆಲಾಯಿಕ್ ಆಮ್ಲದ ಲೇಪನ ಮತ್ತು ಬಣ್ಣದ ಸನ್‌ಸ್ಕ್ರೀನ್ ಮಾತ್ರ ನಡೆಯುತ್ತಿವೆ. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯ ಬಗ್ಗೆ ಕೇಳಿದೆ. ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಔಷಧವದು. ನನ್ನ ತಾಯಿಗೂ ಅಕ್ಕನಿಗೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಹೇಳಿದ ಕೂಡಲೇ ಅದನ್ನು ಕೈಬಿಟ್ಟರು. ಬಂಗು ಮೊದಲಿಗಿಂತ ಅರ್ಧದಷ್ಟು ತಿಳಿಯಾಗಿದೆ. ಇನ್ನೂ ಮೂರು ತಿಂಗಳು ಕಾದು, ಉರಿಯೂತ ಪೂರ್ತಿ ಶಮನವಾದ ಮೇಲೆ, ಬಲಗಿವಿಯ ಹತ್ತಿರದ ಒಂದೆರಡು ಬೂದಿ ಚುಕ್ಕೆಗಳ ಮೇಲೆ ಮಾತ್ರ 1064 ಬೆಳಕನ್ನು ಪರೀಕ್ಷೆಗೆಂದು ಹಾಯಿಸಿ, ಎರಡು ತಿಂಗಳು ನೋಡಿ ಮುಂದಿನ ಮಾತು ಎಂದಿದ್ದಾರೆ. ಸಿಟಿಂಗ್ ಎಷ್ಟು ಬೇಕಾಗಬಹುದೆಂದು ಕೇಳಿದ್ದಕ್ಕೆ ಅವರು ಲೆಕ್ಕ ಕೊಡಲಿಲ್ಲ.

ನೀಲಿಕೆನ್ನೆ:
ಮೊದಲ ದಿನ ಅಂಜಿಕೆಯಿಲ್ಲದೆ ಮಾಡಿಸಿ ಎಂದು ಬರೆದದ್ದಕ್ಕೆ ಕ್ಷಮೆಯಿರಲಿ, ನನ್ನ ಕಲೆಯನ್ನೇ ನಿಮ್ಮ ಮುಖದ ಮೇಲೂ ಕಂಡುಬಿಟ್ಟಿದ್ದೆ. ಪರೀಕ್ಷೆಯ ದಿನಕ್ಕೆ ಒಂದು ಸಲಹೆ: ಮಿಂಚು ತಾಗಿದಾಗ ಬಿಸಿ ಎಣ್ಣೆ ಸಿಡಿದಂತಾಗುತ್ತದೆ, ಚಟಪಟ ಸದ್ದೂ ಕೇಳುತ್ತದೆ, ಆ ಜಾಗ ಕ್ಷಣಹೊತ್ತು ಬೆಳ್ಳಗಾಗುತ್ತದೆ. ಗಾಬರಿಯಾಗಬೇಡಿ. ಆಮೇಲೆ ಏಳುವ ಸಣ್ಣ ಹೊಪ್ಪಳೆಯನ್ನು ಮಾತ್ರ ಕೀಳಬೇಡಿ, ತಾನಾಗಿ ಉದುರಲಿ.

ಬಿಳಿಚುಕ್ಕಿ:
ಪರೀಕ್ಷೆಗೆ ಮುಂಚೆ ಒಂದೇ ಜಾಗದಲ್ಲಿ ಕುಳಿತು, ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಬಳಿ ಹಳೆಯ ಫೋಟೋ ಇರಲಿಲ್ಲವಾದ್ದರಿಂದಲೇ ಚುಕ್ಕಿಗಳು ಮೊದಲಿನಿಂದಲೂ ಇದ್ದವೆಂದು ಅವರು ವಾದಿಸಿದರು. ನಾನೂ ಮುಂದಿನ ವಾರ ತೊನ್ನಿನ ಪರೀಕ್ಷೆಗೆ ಹೋಗುತ್ತಿದ್ದೇನೆ. ಏನೆಂದರೆಂಬುದನ್ನು ಇಲ್ಲಿಯೇ ಬರೆಯುತ್ತೇನೆ.